ಮನೆಯೊಳಗಣ ನಾದವಿತರಣೆ: ಬಹುಕೋಣೆಯ ಆಂಪ್ಲಿಫೈಯರೂ ಗೃಹನಿಯಂತ್ರಣವೂ

೧. ವಿಷಯಪ್ರವೇಶ

ಒಂದೆಡೆಯಲ್ಲಿ ಹುಟ್ಟಿದ ನಾದವನ್ನು ಹಲವೆಡೆಗಳಲ್ಲಿ ಕೇಳಿಸುವ ಉಪಾಯವು ಹೊಸದಲ್ಲ. ದೇವಾಲಯದ ಘಂಟೆಯೂ, ಕೋಟೆಬಾಗಿಲಿನ ನಗಾರಿಯೂ, ಡಂಗುರದವನ ತಮಟೆಯೂ ಈ ಕಾರ್ಯವನ್ನೇ ಮಾಡಿದುವು. ಆದರೆ ಘಂಟೆಯು ಕೇಳಬಯಸುವವನನ್ನೂ ನಿದ್ರಿಸಬಯಸುವವನನ್ನೂ ಬೇರ್ಪಡಿಸಿ ತಿಳಿಯಲಾರದು. ಪಡಸಾಲೆಯಲ್ಲಿ ಕೀರ್ತನೆ, ಅಡುಗೆಮನೆಯಲ್ಲಿ ವಾರ್ತೆ, ತೊಟ್ಟಿಲ ಕೋಣೆಯಲ್ಲಿ ಮೌನ, ಹೀಗೆ ಒಂದೇ ಮನೆಯಲ್ಲಿ ಏಕಕಾಲದಲ್ಲಿ ನಾದವನ್ನೂ ನಾದಾಭಾವವನ್ನೂ ಹಂಚಿಕೊಡುವ ಶಕ್ತಿಯು ವಿದ್ಯುತ್ತಿನಿಂದ ಮಾತ್ರ ದೊರೆತುದು. ಈ ಹಂಚಿಕೆಯನ್ನು ಮಾಡುವ ಯಂತ್ರವೇ ಬಹುಕೋಣೆಯ ಆಂಪ್ಲಿಫೈಯರು. ಅದಕ್ಕೆ ಹೊತ್ತುಹೊತ್ತಿಗೆ ಆಜ್ಞೆಯನ್ನೀಯುವ ಗಣಕವೇ ಗೃಹನಿಯಂತ್ರಕವು. ಇವೆರಡನ್ನೂ ಕೂಡಿಸುವ ಬಗೆಯನ್ನೂ, ಆ ಕೂಡಿಕೆಯಲ್ಲಿ ಅಡಗಿರುವ ಭಾಷಾವಿಚಾರವನ್ನೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಸಾಹಿತ್ಯದ ಅಧ್ಯಾಪಕರಿಗೆ ಈ ವಿಷಯದಿಂದ ಪ್ರಯೋಜನವೇನೆಂಬ ಪ್ರಶ್ನೆಯು ಸಹಜವೇ. ಕ್ರಿ. ಶ. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು, ವ್ಯಾಕರಣವನ್ನು ಆರಂಭಿಸುವಲ್ಲಿಯೇ ಶಬ್ದದ ಉತ್ಪತ್ತಿಯನ್ನು ವಿವರಿಸುತ್ತಾನೆ. ಅವನ ಮತದಂತೆ ಶಬ್ದವು ಒಂದು ದ್ರವ್ಯ. ಅದರ ವರ್ಣವು ಬಿಳಿದು. ಅದು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊಮ್ಮುವುದು. ಆದರೆ ಅದು ಹೊಮ್ಮುವುದಕ್ಕೆ ಗಾಳಿಯೊಂದೇ ಸಾಲದು. ಜೀವನ ಇಚ್ಛೆಯೂ ಬೇಕು. ಈ ಎರಡನೆಯ ನಿಬಂಧನೆಯು ಪ್ರಕೃತ ವಿಷಯಕ್ಕೆ ಬಹುಮುಖ್ಯವಾದುದು. ತಾನಾಗಿಯೇ ನುಡಿಯುವ ಯಂತ್ರವು ಯಾರ ಇಚ್ಛೆಯಿಂದ ನುಡಿಯುತ್ತದೆ ಎಂಬುದೇ ಇಲ್ಲಿ ಬಿಡಿಸಬೇಕಾದ ಗಂಟು.

೨. ಕನ್ನಡನಾಡಿನ ಪೂರ್ವವೃತ್ತಾಂತ

ನಾದವನ್ನು ವಿದ್ಯುತ್ತಿನ ಮೂಲಕ ಹಂಚುವ ಕಾರ್ಯವು ಕನ್ನಡನಾಡಿನಲ್ಲಿ ಒಂದು ಮನೆಯಿಂದಲೇ ಪ್ರಾರಂಭವಾದುದು ಗಮನಾರ್ಹವು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಲ್ಲಿಂದ ಮೂವತ್ತು ವರ್ಷಗಳ ಮೇಲೆ, ೧೯೩೫ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ ಚಿಕ್ಕದೊಂದು ಪ್ರಸಾರಕೇಂದ್ರವನ್ನು ಸ್ಥಾಪಿಸಿದರು. ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರಸಿದ್ಧಿಯುಂಟು. ೧೯೫೭ರಲ್ಲಿ ಆ ಹೆಸರೇ ಭಾರತದ ಸರ್ಕಾರಿ ಪ್ರಸಾರಸಂಸ್ಥೆಗೆಲ್ಲ ಹೆಸರಾಯಿತು. ಒಂದು ಮನೆಯೊಳಗಣ ಪ್ರಯತ್ನವು ದೇಶಕ್ಕೆ ಒಂದು ಶಬ್ದವನ್ನು ಕೊಟ್ಟಿತೆಂಬುದು ಭಾಷಾಭಿಮಾನಿಗಳಿಗೆ ಹೆಮ್ಮೆಯ ಸಂಗತಿಯು.

ಆ ‘ಆಕಾಶವಾಣಿ’ಯಷ್ಟು ಸೊಗಸಾಗಿ ಉಳಿದ ಉಪಕರಣಗಳ ಹೆಸರುಗಳು ನೆಲೆನಿಲ್ಲಲಿಲ್ಲ. ಕನ್ನಡ ಪತ್ರಿಕೆಗಳು ‘ಧ್ವನಿವರ್ಧಕ’ ಎಂದು ಬರೆಯುವುದು ಬಹುಮಟ್ಟಿಗೆ ಸ್ಪೀಕರಿಗೆ. ಶಬ್ದಾರ್ಥವನ್ನು ನೋಡಿದರೆ ಧ್ವನಿಯನ್ನು ವರ್ಧಿಸುವುದು ಸ್ಪೀಕರಲ್ಲ, ಆಂಪ್ಲಿಫೈಯರು. ಸ್ಪೀಕರು ವಿದ್ಯುತ್ತನ್ನು ಗಾಳಿಯ ಅಲೆಯಾಗಿ ಮಾರ್ಪಡಿಸುವುದಷ್ಟೆ. ಮೈಕ್‌ಸೆಟ್ಟಿನವರು ಈ ಭೇದವನ್ನು ಎಂದೂ ಮರೆತವರಲ್ಲ; ಅವರ ಮಾತಿನಲ್ಲಿ ಆಂಪ್ಲಿಫೈಯರು, ಸ್ಪೀಕರು, ಹಾರನ್ನು, ಮೈಕು ಎಂಬಿವು ಬೇರೆಬೇರೆ. ಆದುದರಿಂದ ಈ ಲೇಖನದಲ್ಲಿ ಕಸಬುದಾರರ ಶಬ್ದಗಳನ್ನೇ ಬಳಸಲಾಗಿದೆ.

೩. ಯಂತ್ರದ ಸ್ವರೂಪ

ಬಹುಕೋಣೆಯ ಆಂಪ್ಲಿಫೈಯರಿನಲ್ಲಿ ಮೂರು ಅಂಗಗಳುಂಟು. ಮೊದಲನೆಯದು ಮೂಲಗಳ ಸಾಲು: ರೇಡಿಯೋ, ಗಣಕ, ಅಂತರಜಾಲದಿಂದ ಸಂಗೀತವನ್ನು ತರುವ ಪೆಟ್ಟಿಗೆ ಮುಂತಾದುವು. ಎರಡನೆಯದು ವಲಯಗಳ ಸಾಲು: ಒಂದೊಂದು ಕೋಣೆ ಅಥವಾ ಅಂಗಳವು ಒಂದೊಂದು ವಲಯ. ಮೂರನೆಯದು ಇವೆರಡರ ನಡುವಣ ಜಾಲರಿ. ಆರು ಮೂಲಗಳೂ ಆರು ವಲಯಗಳೂ ಇರುವಲ್ಲಿ ಮೂವತ್ತಾರು ಸಂಧಿಸ್ಥಾನಗಳಾಗುವುವು. ಪ್ರತಿವಲಯಕ್ಕೂ ತನ್ನದೇ ಆದ ಧ್ವನಿಮಟ್ಟವೂ, ಎಡಬಲಗಳ ಎರಡು ವರ್ಧನಮಾರ್ಗಗಳೂ ಇರುವುದರಿಂದ ಆರು ವಲಯಗಳ ಯಂತ್ರದಲ್ಲಿ ಹನ್ನೆರಡು ಚಿಕ್ಕ ಆಂಪ್ಲಿಫೈಯರುಗಳು ಒಂದೇ ಪೆಟ್ಟಿಗೆಯಲ್ಲಿ ಅಡಗಿವೆಯೆಂದು ತಿಳಿಯಬೇಕು.

ಸ್ಪೀಕರುಗಳನ್ನು ಜೋಡಿಸುವಲ್ಲಿ ಓಮನ ನಿಯಮವನ್ನು ಮೀರಲಾಗದು. ಎಂಟು ಓಮಿನ ಎರಡು ಸ್ಪೀಕರುಗಳನ್ನು ಒಂದೇ ಮಾರ್ಗಕ್ಕೆ ಸಮಾಂತರವಾಗಿ ಕಟ್ಟಿದರೆ ನಾಲ್ಕು ಓಮಾಗುವುದು. ಮೂರನ್ನು ಕಟ್ಟಿದರೆ ಎರಡೂಮುಕ್ಕಾಲಿಗಿಂತಲೂ ಕಡಮೆಯಾಗುವುದು. ಪ್ರತಿರೋಧವು ಇಳಿದಷ್ಟೂ ಪ್ರವಾಹವು ಏರಿ ಯಂತ್ರವು ಕಾಯುವುದು. ‘ಇನ್ನೊಂದು ಸ್ಪೀಕರಿಗೇನು ಮಹಾ’ ಎಂದು ಸೇರಿಸಿದ ಕಡೆಯಲ್ಲಿಯೇ ಆಂಪ್ಲಿಫೈಯರು ಸುಡುವುದಕ್ಕೆ ಇದೇ ಕಾರಣವು.

ತಂತಿಯ ನೀಳವೂ ವಿಚಾರಾರ್ಹವು. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ೩೦ ಮೀಟರು ಎಳೆದರೆ, ಹೋಗುವ ಬರುವ ದಾರಿಗಳೆರಡೂ ಸೇರಿ ಪ್ರತಿರೋಧವು ಸುಮಾರು ೦.೭ ಓಮು. ಎಂಟು ಓಮಿನ ಸ್ಪೀಕರಿಗೆ ೧೦೦ ವ್ಯಾಟನ್ನು ಕಳುಹಿಸಲು ಮೂರೂವರೆ ಆಂಪಿಯರು ಬೇಕಾಗಿ, ದಾರಿಯಲ್ಲಿ ಸುಮಾರು ಎಂಟೂವರೆ ವ್ಯಾಟು ಬಿಸಿಯಾಗಿ ನಷ್ಟವಾಗುವುದು. ಅದೇ ಶಕ್ತಿಯನ್ನು ೧೦೦ ವೋಲ್ಟಿಗೆ ಏರಿಸಿ ಕಳುಹಿಸಿ, ಸ್ಪೀಕರಿನ ಬಳಿ ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಂಡರೆ ಒಂದೇ ಆಂಪಿಯರು ಸಾಕು. ತಂತಿಯಲ್ಲಿನ ನಷ್ಟವು ಮುಕ್ಕಾಲು ವ್ಯಾಟಿನೊಳಗೆ ನಿಲ್ಲುವುದು. ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತನ್ನು ಸಾಗಿಸಿದ ತತ್ತ್ವವೇ ಇಲ್ಲಿ ಚಿಕ್ಕದಾಗಿ ಕೆಲಸ ಮಾಡುತ್ತದೆ. ಮನೆಯ ಕೋಣೆಗಳಿಗೆ ನೇರವಾದ ತಂತಿಯು ಸಾಕು. ಮಠ, ಛತ್ರ, ಶಾಲೆಗಳ ವಿಸ್ತಾರವಾದ ಆವರಣಗಳಿಗೆ ನೂರು ವೋಲ್ಟಿನ ಸಾಲೇ ಯುಕ್ತವು.

೪. ಆಜ್ಞೆಯ ವ್ಯಾಕರಣ

ಯಂತ್ರವನ್ನು ಗೃಹನಿಯಂತ್ರಕಕ್ಕೆ ಕೂಡಿಸುವುದೆಂದರೆ ಅವೆರಡಕ್ಕೂ ಒಂದು ಸಮಾನಭಾಷೆಯನ್ನು ಕಲಿಸುವುದೇ ಆಗಿದೆ. ೧೯೬೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆರ್‌ಎಸ್-೨೩೨’ ಎಂಬ ಸರಣಿಸಂಪರ್ಕದ ಕ್ರಮವು ಇಂದಿಗೂ ಇಂತಹ ಯಂತ್ರಗಳ ಬೆನ್ನಿನಲ್ಲಿ ಉಳಿದಿದೆ. ಮೊನೊಪ್ರೈಸ್ ಎಂಬ ಸಂಸ್ಥೆಯ ಆರು ವಲಯಗಳ ಆಂಪ್ಲಿಫೈಯರನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅದಕ್ಕೆ ಕಳುಹಿಸುವ ಒಂದು ವಾಕ್ಯವು ಹೀಗಿರುವುದು: ಮೊದಲು ಆಜ್ಞೆಯನ್ನು ಸೂಚಿಸುವ ಕೋನಚಿಹ್ನೆ, ಬಳಿಕ ಯಂತ್ರದ ಸಂಖ್ಯೆ ೧, ವಲಯದ ಸಂಖ್ಯೆ ೩, ಧ್ವನಿಮಟ್ಟವನ್ನು ಸೂಚಿಸುವ ‘ವಿ-ಓ’ ಎಂಬ ಎರಡಕ್ಷರ, ಕೊನೆಗೆ ೧೫ ಎಂಬ ಪ್ರಮಾಣ. ಧ್ವನಿಮಟ್ಟವು ಸೊನ್ನೆಯಿಂದ ೩೮ರವರೆಗೆ ಇರಬಹುದು. ‘ವಿ-ಓ’ಗೆ ಬದಲಾಗಿ ‘ಪಿ-ಆರ್’ ಎಂದರೆ ವಲಯವನ್ನು ಎಚ್ಚರಿಸುವುದು ಅಥವಾ ಮಲಗಿಸುವುದು. ‘ಸಿ-ಎಚ್’ ಎಂದರೆ ಮೂಲವನ್ನು ಆರಿಸುವುದು. ಇಂತಹ ಮೂರು ಯಂತ್ರಗಳನ್ನು ಒಂದಕ್ಕೊಂದು ಪೋಣಿಸಿ ಹದಿನೆಂಟು ವಲಯಗಳನ್ನು ಆಳಬಹುದು.

ವೈಯಾಕರಣರಿಗೆ ಇದರಲ್ಲಿ ಹಳೆಯ ಪರಿಚಯವು ಕಾಣದಿರದು. ವಲಯದ ಸಂಖ್ಯೆಯು ಅಧಿಕರಣಸ್ಥಾನದಲ್ಲಿದೆ, ಎರಡಕ್ಷರದ ಗುರುತು ಧಾತುವಿನ ಸ್ಥಾನದಲ್ಲಿದೆ, ಪ್ರಮಾಣವು ಕ್ರಿಯಾವಿಶೇಷಣವು. ಕ್ರಿಯಾಪದವೆಲ್ಲವೂ ವಿಧ್ಯರ್ಥದಲ್ಲಿಯೇ ಇರುವುದು. ಕರ್ತೃಪದ ಮಾತ್ರ ಎಲ್ಲಿಯೂ ಇಲ್ಲ. ಆಜ್ಞೆಯು ಗೋಡೆಯ ಗುಂಡಿಯನ್ನು ಒತ್ತಿದ ಅಜ್ಜಿಯಿಂದ ಬಂದುದೋ, ಗಡಿಯಾರವನ್ನು ನೋಡಿದ ಗಣಕದಿಂದ ಬಂದುದೋ ಯಂತ್ರಕ್ಕೆ ತಿಳಿಯದು. ಈ ಕರ್ತೃಲೋಪವೇ ಮುಂದೆ ಹೇಳುವ ತೊಡಕುಗಳೆಲ್ಲಕ್ಕೂ ಮೂಲವು.

ಈ ವಾಕ್ಯದ ವೇಗವು ಸಾಮಾನ್ಯವಾದುದಲ್ಲ. ಸೆಕೆಂಡಿಗೆ ೯೬೦೦ ಬಿಟ್ಟುಗಳ ಗತಿಯಲ್ಲಿ, ಒಂದು ಅಕ್ಷರಕ್ಕೆ ಹತ್ತು ಬಿಟ್ಟುಗಳಂತೆ, ೯೬೦ ಅಕ್ಷರಗಳು ಸಾಗುವುವು. ಮುಕ್ತಾಯದ ಗುರುತೂ ಸೇರಿ ಎಂಟು ಅಕ್ಷರಗಳ ಆಜ್ಞೆಯು ಸೆಕೆಂಡಿನ ನೂರನೆಯ ಭಾಗದೊಳಗೆ ಮುಟ್ಟುವುದು. ತಂತಿಯು ಮಾತ್ರ ಹದಿನೈದು ಮೀಟರಿನೊಳಗಿರುವುದು ಲೇಸು.

೫. ಪ್ರಶ್ನೆಯೂ ಉತ್ತರವೂ

ಆಜ್ಞೆಯನ್ನೀಯುವುದರಿಂದಲೇ ಕೂಡಿಕೆಯು ಪೂರ್ಣವಾಗಲಿಲ್ಲ. ದೂರದರ್ಶನದ ರಿಮೋಟಿನಂತೆ ಅದೃಶ್ಯಕಿರಣದಿಂದ ಆಜ್ಞೆಯನ್ನು ಕಳುಹಿಸಿದರೆ ಅದಕ್ಕೆ ಪ್ರತ್ಯುತ್ತರವಿಲ್ಲ. ನಿಯಂತ್ರಕವು ‘ಪಡಸಾಲೆಯು ಮೌನವಾಗಿದೆ’ ಎಂದು ನಂಬಿರುವಾಗ, ಯಾರೋ ಗೋಡೆಯ ಗುಂಡಿಯನ್ನೊತ್ತಿ ಹಾಡನ್ನು ಹಾಕಿರಬಹುದು. ಅನಂತರದ ಆಜ್ಞೆಗಳೆಲ್ಲವೂ ತಪ್ಪು ನಂಬಿಕೆಯ ಮೇಲೆ ನಡೆಯುವುವು. ಸರಣಿಸಂಪರ್ಕದಲ್ಲಿ ಪ್ರಶ್ನೆಯನ್ನು ಕೇಳುವ ಅವಕಾಶವುಂಟು. ನಿಯಂತ್ರಕವು ಆಗಾಗ್ಗೆ ವಲಯಗಳ ಸ್ಥಿತಿಯನ್ನು ಕೇಳಿ, ಯಂತ್ರವು ಹೇಳಿದುದನ್ನು ತನ್ನ ನೆನಪಿನಲ್ಲಿ ತಿದ್ದಿಕೊಳ್ಳುವುದು. ಸ್ಥಿತಿಯನ್ನು ಹೇಳತಕ್ಕದ್ದು ಯಂತ್ರವೇ ಹೊರತು ನಿಯಂತ್ರಕದ ಊಹೆಯಲ್ಲ ಎಂಬುದು ಮೊದಲನೆಯ ನಿಯಮವು.

೨೦೧೩ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಕ್ರಮವನ್ನು ಕಾಣಬಹುದು. ಮೇಲ್ಕಂಡ ಆಂಪ್ಲಿಫೈಯರಿನ ಒಂದೊಂದು ವಲಯವೂ ಅದರಲ್ಲಿ ಪ್ರತ್ಯೇಕವಾದ ವಾದಕನಂತೆ ತೋರುವುದು. ಇದರಲ್ಲಿ ಪ್ರಶಂಸನೀಯವಾದ ಎರಡು ಕ್ರಿಯೆಗಳುಂಟು: ಸ್ಥಿತಿಯನ್ನು ನೆನಪಿಟ್ಟುಕೊಳ್ಳುವುದು, ಸ್ಥಿತಿಯನ್ನು ಮರಳಿಸುವುದು. ಬಾಗಿಲ ಬಳಿ ಅತಿಥಿಯು ಬಂದಾಗ ಎಲ್ಲ ಕೋಣೆಗಳಲ್ಲಿಯೂ ಸೂಚನೆಯನ್ನು ನುಡಿಸಬೇಕಾದರೆ, ನಿಯಂತ್ರಕವು ಮೊದಲು ಆಯಾ ಕೋಣೆಯ ಮೂಲವನ್ನೂ ಮಟ್ಟವನ್ನೂ ಗುರುತುಮಾಡಿಕೊಂಡು, ಸೂಚನೆಯನ್ನು ಹೇಳಿ, ಮತ್ತೆ ಮೊದಲಿನಂತೆಯೇ ಇರಿಸುವುದು. ಮಾತಿನ ನಡುವೆ ಬಾಯಿಹಾಕಿದವನು ‘ಎಲ್ಲಿ ಬಿಟ್ಟಿರಿ, ಮುಂದುವರಿಸಿರಿ’ ಎನ್ನುವ ಸಭ್ಯತೆಯೇ ಇಲ್ಲಿ ಯಂತ್ರರೂಪವನ್ನು ತಾಳಿದೆ.

೬. ಕಲ್ಲಿನ ಮನೆಯ ಕಷ್ಟ

ಈ ತತ್ತ್ವಗಳನ್ನು ಒಂದು ಸ್ಥಳಕ್ಕೆ ಅನ್ವಯಿಸಿ ನೋಡುವುದು ಉಚಿತವು. ಚಿಂತಾಮಣಿ ತಾಲ್ಲೂಕಿನ ಕೈವಾರವು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಸುತ್ತಲೂ ಬಂಡೆಗಳ ನಾಡು. ಕಲ್ಲುಕಂಬ, ಕಲ್ಲುಗೋಡೆ, ಚಪ್ಪಡಿಯ ಮೇಲ್ಛಾವಣಿಯುಳ್ಳ ಮನೆಗಳು ಈ ಸೀಮೆಯಲ್ಲಿ ಉಂಟು. ಅಂತಹ ಮನೆಯಲ್ಲಿ ೫ ಮೀಟರು ಉದ್ದ, ೪ ಮೀಟರು ಅಗಲ, ೩ ಮೀಟರು ಎತ್ತರದ ಬರಿಯ ನಡುಮನೆಯೊಂದನ್ನು ಊಹಿಸಿದರೆ, ಅದರ ಘನಪ್ರಮಾಣವು ೬೦ ಘನಮೀಟರು. ಒಳಮೈಯ ವಿಸ್ತಾರವು ೯೪ ಚದರ ಮೀಟರು. ನುಣುಪಾದ ಕಲ್ಲು ತನ್ನ ಮೇಲೆ ಬಿದ್ದ ನಾದದಲ್ಲಿ ನೂರಕ್ಕೆ ಎರಡರಷ್ಟನ್ನು ಮಾತ್ರ ಹೀರುವುದೆಂದು ಹಿಡಿದರೆ, ಅಮೆರಿಕದ ವಿಜ್ಞಾನಿ ಸೇಬೈನನ ಸೂತ್ರದಂತೆ ನಾದವು ಅಡಗುವುದಕ್ಕೆ ಐದು ಸೆಕೆಂಡುಗಳೇ ಬೇಕು. ಒಂದು ಚರಣದ ಶಬ್ದಗಳು ಮುಂದಿನ ಚರಣದ ಶಬ್ದಗಳೊಡನೆ ಕಲಸಿಹೋಗುವುವು. ಹತ್ತು ಮಂದಿ ಕೂಡಿ ಕುಳಿತರೆ ಅವರ ಉಡುಪೂ ಮೈಯೂ ನಾದವನ್ನು ಹೀರಿ, ಕಾಲವು ಸುಮಾರು ಒಂದೂವರೆ ಸೆಕೆಂಡಿಗೆ ಇಳಿಯುವುದು.

ಇದರಿಂದ ಎರಡು ಫಲಿತಾಂಶಗಳು ಬರುವುವು. ಅಸ್ಪಷ್ಟತೆಗೆ ಧ್ವನಿಯನ್ನು ಏರಿಸುವುದು ಪರಿಹಾರವಲ್ಲ. ಏರಿಸಿದಷ್ಟೂ ಪ್ರತಿಧ್ವನಿಯೂ ಏರುವುದು. ಒಂದು ದೊಡ್ಡ ಸ್ಪೀಕರಿಗಿಂತ ಕೇಳುವವರ ಹತ್ತಿರ ಇರಿಸಿದ ಹಲವು ಚಿಕ್ಕ ಸ್ಪೀಕರುಗಳು, ಮೆಲುದನಿ, ಜಮಖಾನೆ, ದಪ್ಪ ಪರದೆ ಇವೇ ಉಪಾಯವು. ಎರಡನೆಯದಾಗಿ, ದಪ್ಪವಾದ ಕಲ್ಲುಗೋಡೆಯು ವೈಫೈ ಅಲೆಗಳನ್ನು ಬಹಳವಾಗಿ ತಗ್ಗಿಸುವುದರಿಂದ, ಒಂದೊಂದು ಕೋಣೆಯಲ್ಲಿಯೂ ಸ್ವತಂತ್ರವಾದ ನಿಸ್ತಂತು ಸ್ಪೀಕರನ್ನು ಇಡುವುದಕ್ಕಿಂತ, ಒಂದೆಡೆ ಆಂಪ್ಲಿಫೈಯರನ್ನಿಟ್ಟು ತಂತಿಯನ್ನು ಎಳೆಯುವುದು ಇಂತಹ ಮನೆಗೆ ಹೆಚ್ಚು ಒಗ್ಗುವುದು. ಎಲ್ಲ ಕೋಣೆಗಳಿಗೂ ಒಂದೇ ಯಂತ್ರದಿಂದ ನಾದವು ಹೊರಡುವುದರಿಂದ ಒಂದು ಕೋಣೆಯ ತಾಳವು ಮತ್ತೊಂದರ ಹಿಂದೆ ಬೀಳುವ ದೋಷವೂ ತಪ್ಪುವುದು.

೭. ಅಖಂಡಸಂಗೀತವೂ ರಾತ್ರಿಯ ನಿಯಮವೂ

ಕೈವಾರವು ನಾದದ ವಿಚಾರದಲ್ಲಿ ಹೆಸರಾದ ಊರು. ಬಳೆ ಮಾರುವ ಕಸಬಿನವರಾಗಿದ್ದು, ಬಳಿಕ ಯೋಗಿಗಳಾಗಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೀರ್ತನೆಗಳನ್ನು ರಚಿಸಿದ ಯೋಗಿ ನಾರೇಯಣರು ಇಲ್ಲಿ ‘ಕೈವಾರ ತಾತಯ್ಯ’ನವರೆಂದು ಪೂಜ್ಯರಾಗಿದ್ದಾರೆ. ಸಂಪ್ರದಾಯದಲ್ಲಿ ಅವರ ಕಾಲವನ್ನು ೧೭೨೬ರಿಂದ ೧೮೩೬ರವರೆಗೆ ಎಂದು ಹೇಳುವರು. ಗುರುಪೂರ್ಣಿಮೆಯ ಸಂದರ್ಭದಲ್ಲಿ ಅವರ ಮಠದಲ್ಲಿ ೭೨ ಗಂಟೆಗಳ ಅಖಂಡ ಸಂಗೀತೋತ್ಸವವು ನಡೆಯುವ ವಾಡಿಕೆಯುಂಟು. ಹಗಲಿರುಳು ಎಡೆಬಿಡದೆ ಹರಿಯುವ ನಾದವನ್ನು ಯಾವ ಸ್ಥಳಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಹಂಚಬೇಕೆಂಬ ಪ್ರಶ್ನೆಗೆ ಇಂತಹ ಉತ್ಸವಕ್ಕಿಂತ ಒಳ್ಳೆಯ ಉದಾಹರಣೆಯು ದುರ್ಲಭವು.

ಇಂತಹ ಉತ್ಸವಗಳಲ್ಲಿ ಮೊದಲು ಬರುವುದು ಕಾಲದ ವಿಚಾರ. ನಾದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವುದು. ವಿದ್ಯುತ್ತು ತಂತಿಯಲ್ಲಿ ಕ್ಷಣಮಾತ್ರದಲ್ಲಿ ಮುಟ್ಟುವುದು. ವೇದಿಕೆಯಿಂದ ೩೪ ಮೀಟರು ದೂರದಲ್ಲಿ ಸ್ಪೀಕರನ್ನಿಟ್ಟರೆ, ಅಲ್ಲಿನ ಕೇಳುಗನಿಗೆ ಸ್ಪೀಕರಿನ ದನಿಯು ಮೊದಲು, ವೇದಿಕೆಯ ದನಿಯು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಕೇಳುವುದು. ಮೃದಂಗದ ಒಂದು ಪೆಟ್ಟು ಎರಡಾಗುವುದು. ಜರ್ಮನಿಯ ಹೆಲ್ಮಟ್ ಹಾಸ್ ಎಂಬವರು ೧೯೪೯ರ ಪ್ರಬಂಧದಲ್ಲಿ ತೋರಿಸಿದಂತೆ, ಎರಡು ದನಿಗಳ ಅಂತರವು ಸುಮಾರು ೩೦ ಮಿಲಿಸೆಕೆಂಡುಗಳೊಳಗಿದ್ದರೆ ಕಿವಿಯು ಅವನ್ನು ಒಂದಾಗಿಯೇ ಗ್ರಹಿಸಿ, ಮೊದಲು ಬಂದ ದಿಕ್ಕಿನಿಂದಲೇ ನಾದವು ಹುಟ್ಟಿತೆಂದು ತಿಳಿಯುವುದು. ಆದುದರಿಂದ ದೂರದ ವಲಯದ ದನಿಯನ್ನು ಬೇಕೆಂದೇ ತಡೆಹಿಡಿದು ಬಿಡಬೇಕು. ಆಗ ಹಿಂದೆ ಕುಳಿತವನಿಗೂ ಹಾಡು ವೇದಿಕೆಯಿಂದಲೇ ಬಂದಂತೆ ತೋರುವುದು.

ಎರಡನೆಯದು ಧರ್ಮದ ವಿಚಾರ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಾಸಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲುಗಳು ಮಿತಿ. ರಾತ್ರಿ ೧೦ರಿಂದ ಬೆಳಗ್ಗೆ ೬ರವರೆಗೆ ಮುಚ್ಚಿದ ಸಭಾಂಗಣಗಳ ಒಳಗಲ್ಲದೆ ಸ್ಪೀಕರನ್ನು ಬಳಸಲಾಗದು. ಹಬ್ಬಹರಿದಿನಗಳಿಗಾಗಿ ಸರ್ಕಾರವು ನಡುರಾತ್ರಿಯವರೆಗೆ ವರ್ಷಕ್ಕೆ ೧೫ ದಿನಗಳನ್ನು ಮೀರದಂತೆ ವಿನಾಯಿತಿಯನ್ನು ಕೊಡಬಹುದು. ಖಾಸಗಿ ಮನೆಯ ಯಂತ್ರದ ದನಿಯು ಕೂಡ ಆ ಮನೆಯ ಎಲ್ಲೆಯಲ್ಲಿ ಪ್ರದೇಶದ ಮಿತಿಗಿಂತ ೫ ಡೆಸಿಬೆಲ್ಲಿಗೆ ಹೆಚ್ಚು ಮೀರಕೂಡದು. ವಲಯಗಳನ್ನಾಗಿ ವಿಂಗಡಿಸಿದ ವ್ಯವಸ್ಥೆಯಲ್ಲಿ ಈ ನಿಯಮವನ್ನು ಪಾಲಿಸುವುದಕ್ಕೆ ಹಾಡನ್ನು ನಿಲ್ಲಿಸಬೇಕಾದುದಿಲ್ಲ. ಹತ್ತು ಗಂಟೆಯಾದೊಡನೆ ಹೊರಾಂಗಣದ ವಲಯಗಳು ತಾವಾಗಿಯೇ ಮೌನವಾಗಿ, ಒಳಾಂಗಣದ ವಲಯವೊಂದೇ ಉಳಿಯುವಂತೆ ನಿಯಂತ್ರಕಕ್ಕೆ ಹೇಳಿದರೆ ಸಾಕು. ಹಾಡುವವರ ನೇಮವೂ ಉಳಿಯುವುದು, ಮಗ್ಗುಲ ಮನೆಯ ರೋಗಿಯ ನಿದ್ರೆಯೂ ಉಳಿಯುವುದು.

೮. ಇಚ್ಛೆಯ ಪ್ರಶ್ನೆ

ಇನ್ನು ಮೊದಲು ಹೇಳಿದ ಗಂಟಿಗೆ ಬರಬೇಕಾಗಿದೆ. ಯಂತ್ರದ ವಾಕ್ಯದಲ್ಲಿ ಕರ್ತೃಪದವಿಲ್ಲದಿರುವುದರಿಂದ, ಕರ್ತೃವನ್ನು ಮನೆಯವರೇ ನಿರ್ಣಯಿಸಬೇಕು. ಅದಕ್ಕೆ ಕೆಲವು ಕಟ್ಟುಗಳು ಅವಶ್ಯವು.

ವಿದ್ಯುತ್ತು ಹೋಗಿ ಮರಳಿ ಬಂದಾಗ ವಲಯಗಳೆಲ್ಲವೂ ಮೌನದಲ್ಲಿಯೇ ಏಳಬೇಕು. ನಡುರಾತ್ರಿಯಲ್ಲಿ ವಿದ್ಯುತ್ತು ಬಂದೊಡನೆ ಸಂಜೆಯ ಹಾಡು ಮನೆಯನ್ನೆಲ್ಲ ಎಬ್ಬಿಸುವುದು ಯಾರ ಇಚ್ಛೆಯೂ ಅಲ್ಲ. ಪ್ರತಿಯೊಂದು ಕೋಣೆಗೂ ಧ್ವನಿಯ ಮೇಲ್ಮಿತಿಯಿರಬೇಕು. ಹತ್ತು ಡೆಸಿಬೆಲ್ಲು ಏರಿದರೆ ಕಿವಿಗೆ ಇಮ್ಮಡಿಯಾದಂತೆ ತೋರುವುದೆಂಬುದನ್ನು ನೆನೆದು ಆ ಮಿತಿಯನ್ನು ಇಡಬೇಕು. ಕೋಣೆಯಲ್ಲಿರುವವನು ಗುಂಡಿಯನ್ನು ಒತ್ತಿ ಮಾಡಿದ ಮೌನವನ್ನು ಗಡಿಯಾರದ ಆಜ್ಞೆಯು ಮೀರಲಾಗದು. ಗಣಕವು ಕೆಟ್ಟರೂ ಗುಂಡಿಯು ಕೆಲಸ ಮಾಡಬೇಕು. ಬೆರಳಚ್ಚು, ಮೊಬೈಲು ಬಾರದ ವೃದ್ಧರಿಗೆ ಅದೊಂದೇ ಸ್ವಾತಂತ್ರ್ಯವು.

ಇದಕ್ಕಿಂತಲೂ ಗಂಭೀರವಾದುದು ಮನೆಯ ಹೊರಗಿನ ಒಡೆತನ. ಅನೇಕ ನಿಯಂತ್ರಕಗಳು ದೂರದೇಶದ ಗಣಕದ ಅಪ್ಪಣೆಯಿಲ್ಲದೆ ಚಲಿಸವು. ೨೦೧೬ರ ಮೇ ತಿಂಗಳಿನಲ್ಲಿ ‘ರಿವಾಲ್ವ್’ ಎಂಬ ನಿಯಂತ್ರಕದ ಸೇವೆಯನ್ನು ಅದರ ಒಡೆಯರು ನಿಲ್ಲಿಸಿದಾಗ, ಹಣ ತೆತ್ತು ಕೊಂಡವರ ಮನೆಗಳಲ್ಲಿ ಆ ಪೆಟ್ಟಿಗೆಗಳು ನಿರುಪಯುಕ್ತವಾದುವು. ಪೆಟ್ಟಿಗೆಯು ಕೆಡಲಿಲ್ಲ, ಅದರೊಡನೆ ಮಾತನಾಡುವವರು ಇಲ್ಲವಾದರು. ವ್ಯಾಕರಣವು ಒಬ್ಬನ ಬೊಕ್ಕಸದಲ್ಲಿ ಅಡಗಿರುವ ಭಾಷೆಯು ಆ ಒಬ್ಬನೊಡನೆಯೇ ಅಳಿಯುವುದು. ಆಜ್ಞಾವಾಕ್ಯಗಳನ್ನು ಬಹಿರಂಗವಾಗಿ ಬರೆದಿಟ್ಟಿರುವ ಯಂತ್ರವಾದರೋ, ಅದನ್ನು ಮಾಡಿದವರು ಮರೆತರೂ ಇನ್ನೊಬ್ಬರ ನಿಯಂತ್ರಕಕ್ಕೆ ಉತ್ತರ ಕೊಡುತ್ತಲೇ ಇರುವುದು. ೧೯೬೦ರ ಸರಣಿಸಂಪರ್ಕವು ಇಂದಿಗೂ ಬಾಳುತ್ತಿರುವುದಕ್ಕೆ ಈ ಬಹಿರಂಗತೆಯೇ ಕಾರಣವು. ಕೊಳ್ಳುವವರು ಧ್ವನಿಯ ಸೊಗಸನ್ನು ಪರೀಕ್ಷಿಸುವುದಕ್ಕೆ ಮುಂಚೆ ಯಂತ್ರದ ಭಾಷೆಯು ಪ್ರಕಟವಾಗಿದೆಯೇ ಎಂದು ಪರೀಕ್ಷಿಸುವುದು ವಿವೇಕವು.

ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ನಾದವನ್ನು ಕೇಳುವವನು ತನ್ನ ರೇಡಿಯೋವನ್ನು ತಾನೇ ತಿರುಗಿಸಿ ಬರಮಾಡಿಕೊಳ್ಳುತ್ತಿದ್ದನು. ಇಚ್ಛೆಯು ಅವನ ಬೆರಳಿನಲ್ಲಿದ್ದಿತು. ಇಂದು ಆ ಇಚ್ಛೆಯನ್ನು ಮುಂಚಿತವಾಗಿಯೇ ಬರೆದು ಗಣಕಕ್ಕೆ ಒಪ್ಪಿಸಲಾಗುತ್ತಿದೆ. ಬರೆದ ಇಚ್ಛೆಯು ಶಾಸನದಂತೆ ಗಟ್ಟಿಯಾದುದು. ಆ ಹೊತ್ತಿನ ಮನಸ್ಸನ್ನು ಅದು ಅರಿಯದು. ಮನೆಯಲ್ಲಿ ಸಾವು ಸಂಭವಿಸಿದ ಮುಂಜಾನೆಯಲ್ಲಿಯೂ ಗಡಿಯಾರವು ಐದು ಹೊಡೆದರೆ ಸುಪ್ರಭಾತವು ಮೊಳಗುವುದು. ಹೀಗಿರಲು, ನಾದವನ್ನು ಹಂಚುವ ವಿದ್ಯೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದುದು ಅದನ್ನು ನಿಲ್ಲಿಸುವ ಬಗೆಯನ್ನು. ಮನೆಯಲ್ಲಿ ಎಲ್ಲರ ಕೈಗೂ ಎಟುಕುವಂತೆ ಮೊದಲು ಇಡಬೇಕಾದುದು ಮೌನದ ಗುಂಡಿಯನ್ನು.